ಹುಳಿ ಇಳಿಸುವ ಗುಳಿಗೆ

ನನ್ನ ಹೊಟ್ಟೆ ಎಂದರೆ ನನಗೇ ಹೇಸಿಗೆ. ಉಂಡು ಅರ್ಧ ತಾಸಿಗೆ ಎದೆಯ ನಡುವೆ ಉರಿ ಏಳುತ್ತಿತ್ತು, ಅದರ ಬೆನ್ನಿಗೇ ಹುಳಿ ನೀರು ಗಂಟಲಿಗೆ ಬರುತ್ತಿತ್ತು. ಗದಗಿನ ಬಟ್ಟೆ ಅಂಗಡಿಯಲ್ಲಿ ಗಿರಾಕಿಗಳ ಮುಂದೆ ಸೀರೆ ಬಿಡಿಸುತ್ತ ಕೂತಾಗ ತೇಗು ಬಂದರೆ ಮುಖ ಪಕ್ಕಕ್ಕೆ ತಿರುಗಿಸಿ ನುಂಗಬೇಕು. ನುಂಗಿದ್ದು ಇಳಿಯುವಾಗ ಇನ್ನೊಮ್ಮೆ ಸುಡುತ್ತಿತ್ತು. ಒಂದು ಸಲ ಮದುವೆಯ ಜವಳಿಗೆಂದು ಬಂದ ಮುದುಕಿಯೊಬ್ಬರು ಸೆರಗಿನಿಂದ ಮೂಗು ಮುಚ್ಚಿಕೊಂಡು, "ಬ್ಯಾರೆದವ್ರಿಗೆ ಸೀರಿ ತೋರ್ಸಾಕ ಹೇಳ್ರಿ" ಎಂದು ಮಾಲಕರಿಗೆ ಹೇಳಿದರು. ನಾನು ಬಿಡಿಸಿದ ಸೀರೆಯನ್ನು ಹಾಗೆಯೇ ಬಿಟ್ಟು ಹಿಂದಿನ ಖೋಲಿಗೆ ಹೋದೆ. ಅಂಗೈಯನ್ನು ಬಾಯಿಗೆ ಹಿಡಿದು ಉಸಿರು ಬಿಟ್ಟು ಮೂಸಿ ನೋಡಿದೆ. ಮೂರು ದಿನ ಮುಚ್ಚಿಟ್ಟ ಮಜ್ಜಿಗೆಯ ವಾಸನೆ.

ನಮ್ಮದು ಬೆಟಗೇರಿಯ ನೇಕಾರರ ಮನೆ. ಮಗ್ಗ ಅಪ್ಪನ ಕಾಲಕ್ಕೇ ನಿಂತಿತು. ನಾನು ಬೇರೆಯವರು ನೇಯ್ದದ್ದನ್ನು ಮಾರುವವನಾದೆ. ಮನೆಯಲ್ಲಿ ಅವ್ವ, ನಾನು, ನನ್ನ ಹೆಂಡತಿ ಮೂವರೇ. ಮಕ್ಕಳಾಗಲಿಲ್ಲ. ಅಕ್ಕನನ್ನು ಮುಂಡರಗಿಗೆ ಕೊಟ್ಟಿದೆ. ಹೆಂಡತಿ ಲಕ್ಷ್ಮೇಶ್ವರದ ಹತ್ತಿರದ ಅಡರಕಟ್ಟಿಯವಳು. ಅವರೂ ನಮ್ಮವರೇ, ಆದರೆ ಎರಡು ತಲೆಮಾರಿನ ಹಿಂದೆಯೇ ಮಗ್ಗ ಬಿಟ್ಟು ಹೊಲ ಹಿಡಿದವರು. ಮಾತು ಕಡಿಮೆ, ಕೆಲಸ ಹೆಚ್ಚು.

ನನ್ನ ಹೊಟ್ಟೆ ಕೆಟ್ಟದ್ದು ಬೇರೆ ಯಾರಿಂದಲೂ ಅಲ್ಲ. ಮಧ್ಯಾಹ್ನ ಊಟದ ಡಬ್ಬಿ ತೆರೆಯುವ ಮುಂಚೆ ಗಾಡಿಯ ಮುಂದೆ ನಿಂತು ಎರಡು ಮಿರ್ಚಿ ಭಜಿ, ಸಂಜೆ ಗಿರ್ಮಿಟ್ಟು, ಮೇಲೆ ಹಾಲು ಹೆಚ್ಚಿದ ಚಹಾ. ಚುರುಮುರಿಗೆ ಹುಣಸೆರಸ, ಉಳ್ಳಾಗಡ್ಡಿ ಹಾಕಿ ಕಲಸಿದ ಆ ಗಿರ್ಮಿಟ್ಟು ಬಾಯಿಗೆ ಬೀಳದಿದ್ದರೆ ನನಗೆ ದಿನ ಮುಗಿದಂತೆ ಅನ್ನಿಸುತ್ತಿರಲಿಲ್ಲ. ಹೆಂಡತಿ ಹೇಳಿದಳು, ಅವ್ವ ಹೇಳಿದಳು. ನಾನು ಸೋಡಾ ಕುಡಿದು ತೇಗಿ, ಮತ್ತೆ ತಿಂದೆ.

ಹೋದ ವರ್ಷ ಬಲಗಡೆ ಪಕ್ಕೆಲುಬಿನ ಕೆಳಗೆ ನೋವು ಹಿಡಿಯಿತು. ಬೆನ್ನಿನವರೆಗೆ ಹೋಗುವ, ಕೂತರೂ ನಿಂತರೂ ಬಿಡದ ನೋವು. ಸ್ಕ್ಯಾನ್ ಮಾಡಿಸಿದಾಗ ಪಿತ್ತಕೋಶದಲ್ಲಿ ಹರಳು ಇವೆ, ಆಪರೇಶನ್ ಮಾಡಿ ತೆಗೆಯಬೇಕು ಎಂದರು. ಗದಗಿನದೇ ಒಂದು ಖಾಸಗಿ ಆಸ್ಪತ್ರೆ. ದಿನ ಗೊತ್ತು ಮಾಡಿದ ಮೇಲೆ ಅರಿವಳಿಕೆ ಕೊಡುವ ಡಾಕ್ಟರ ಹತ್ತಿರ ಕಳಿಸಿದರು. ಐವತ್ತರ ಆಸುಪಾಸಿನ ಹೆಂಗಸು, ಸಣ್ಣ ದನಿ. ನನ್ನ ಬಾಯಿ ತೆರೆಸಿ ಒಳಗೆ ನೋಡಿದವರು ಮುಖ ಹಿಂದೆ ತೆಗೆಯಲಿಲ್ಲ. ಅದು ನನಗೆ ಇನ್ನೂ ನೆನಪಿದೆ.

"ಮಲಗಿದಾಗ ಹುಳಿ ನೀರು ಗಂಟಲಿಗೆ ಬರ್ತೈತೇನ್ರಿ?"

"ದಿನಾ ಬರ್ತೈತ್ರಿ ಮೇಡಮ್ಮಾರ."

ಅವರು ಪೆನ್ನು ಕೆಳಗಿಟ್ಟರು. ಪಕ್ಕದಲ್ಲಿ ನಿಂತಿದ್ದ ನನ್ನ ಹೆಂಡತಿಗೂ ಕೂಡಲು ಹೇಳಿ ಇಬ್ಬರಿಗೂ ಕೇಳುವಂತೆ ಹೇಳಿದರು.

"ನೋಡ್ರಿ, ಎಚ್ಚರ ಇದ್ದಾಗ ಒಂದು ಹನಿ ನೀರು ಉಸರಿನ ದಾರ್ಯಾಗ ಹೋದ್ರ ಕೆಮ್ಮಿ ಕೆಮ್ಮಿ ಹೊರಗ ಹಾಕ್ತೀರಿ. ನಾ ನಿಮ್ಮನ್ನ ಮಲಗಿಸಿದ ಮ್ಯಾಲೆ ಆ ಕೆಮ್ಮೂ ಮಲಗತೈತಿ. ಆವಾಗ ಹೊಟ್ಟ್ಯಾಗಿಂದು ಮ್ಯಾಲೆ ಬಂತಂದ್ರ ಸೀದಾ ಪುಪ್ಪುಸದಾಗ ಇಳೀತೈತಿ. ಹೊಟ್ಟೀ ಹುಳಿ ಪುಪ್ಪುಸ ಸುಡತೈತ್ರಿ. ನ್ಯುಮೋನಿಯಾ ಆಗ್ತೈತಿ, ಜೀವಕ್ಕ ಬರ್ತೈತಿ. ಅದಕ್ಕ ಎರಡು ಕೆಲಸ. ಹೊಟ್ಟಿ ಖಾಲಿ ಇರಬೇಕು, ಉಳದ ರಸದಾಗಿನ ಹುಳಿ ಇಳೀಬೇಕು. ಹುಳಿ ಇಳಸೂದು ನನ್ನ ಕೆಲಸ. ಖಾಲಿ ಇಡೂದು ನಿಮ್ಮ ಕೆಲಸ."

ಒಂದು ಗುಳಿಗೆ ಹಿಂದಿನ ದಿನ ಮಲಗುವ ಮುಂಚೆ, ಇನ್ನೊಂದು ಆಪರೇಶನ್ನಿನ ದಿನ ಬೆಳಿಗ್ಗೆ ಆರಕ್ಕೆ, ಎರಡು ಗುಟುಕು ನೀರಿನಲ್ಲಿ. ರಾತ್ರಿಯ ಊಟವಾದ ಮೇಲೆ ಅನ್ನ, ರೊಟ್ಟಿ, ಹಾಲು, ಚಹಾ ಯಾವುದೂ ಬೇಡ. ಹೆಂಡತಿ ಅದನ್ನೆಲ್ಲ ಬೆರಳು ಮಡಚಿ ನೆನಪಿಟ್ಟುಕೊಂಡಳು. ನಾನು ತಲೆ ಆಡಿಸಿದೆ.

ಆಪರೇಶನ್ ಹನ್ನೊಂದು ಗಂಟೆಗೆ ಇತ್ತು. ಹಿಂದಿನ ದಿನವೇ ದಾಖಲಾಗಿದ್ದೆ. ಬೆಳಿಗ್ಗೆ ಆರಕ್ಕೆ ಎರಡನೆಯ ಗುಳಿಗೆ ನುಂಗಿ ಸ್ವಲ್ಪ ಹೊತ್ತಿಗೆ ನನಗೊಂದು ಸೋಜಿಗ. ಎಷ್ಟೋ ವರ್ಷದ ಮೇಲೆ ಗಂಟಲಲ್ಲಿ ಉರಿ ಇರಲಿಲ್ಲ. ತೇಗು ಬಂದರೂ ಅದರಲ್ಲಿ ಬರೀ ಗಾಳಿ. ಎದೆ ತೊಳೆದಿಟ್ಟಂತೆ ಹಗುರಾಗಿತ್ತು. ಉರಿ ಹೋದ ಜಾಗಕ್ಕೆ ಹಸಿವು ಬಂದು ಕೂತಿತು. ಹೆಂಡತಿ ಸ್ನಾನಕ್ಕೆ ಹೋದಳು. ನಾನು ಚಪ್ಪಲಿ ಮೆಟ್ಟಿ ಮೆಟ್ಟಿಲು ಇಳಿದೆ.

ಆಸ್ಪತ್ರೆಯ ಎದುರಿನ ಗಾಡಿಯಲ್ಲಿ ಮಿರ್ಚಿಯ ಮೊದಲ ಘಾಣವನ್ನು ಎಣ್ಣೆಯಿಂದ ತೆಗೆಯುತ್ತಿದ್ದರು. ಆಗ ಏಳೂವರೆ. ಅಲ್ಲಿ ನಿಂತು ನಾನು ಹಾಕಿದ ಲೆಕ್ಕ ಬರೆಯಲೂ ನಾಚಿಕೆಯಾಗುತ್ತದೆ. ಸುಡುವುದು ಹುಳಿ, ಆ ಹುಳಿಯನ್ನು ಗುಳಿಗೆ ಕೊಂದಿದೆ, ಅಂದಮೇಲೆ ತಿಂದರೇನು? ಡಾಕ್ಟರು ಎರಡು ಕೆಲಸ ಹೇಳಿದ್ದರು. ಅವರ ಕೆಲಸ ಆಗಿತ್ತು, ನನ್ನದನ್ನು ನಾನೇ ಮಾಫಿ ಮಾಡಿಕೊಂಡೆ. ಒಂದು ತಟ್ಟೆ ಗಿರ್ಮಿಟ್ಟು, ಮೂರು ಮಿರ್ಚಿ, ಒಂದು ಚಹಾ. ಯಾರಾದರೂ ನೋಡಿಯಾರೆಂದು ಗಾಡಿಯ ಹಿಂದೆ, ಎಂಜಲು ತಟ್ಟೆ ಒಗೆಯುವ ಬುಟ್ಟಿಯ ಹತ್ತಿರ ನಿಂತು, ಸರಿಯಾಗಿ ಅಗಿಯದೆ ನುಂಗಿದೆ. ಕೊನೆಯ ಮಿರ್ಚಿಯನ್ನು ಕಾಗದದಲ್ಲಿ ಹಿಡಿದು ನಡೆಯುತ್ತಲೇ ತಿಂದು, ಕಾಗದವನ್ನು ಪೈಜಾಮದ ಕಿಸೆಯಲ್ಲಿ ತುರುಕಿದೆ. ನಲ್ಲಿಗೆ ಬಾಯಿಟ್ಟು ಮುಕ್ಕಳಿಸಿದೆ.

"ಎಲ್ಲಿ ಹೋಗಿದ್ರಿ?" ಎಂದು ಕೇಳಿದಳು ಹೆಂಡತಿ. ತಲೆಗೆ ಟಾವೆಲ್ಲು ಸುತ್ತಿಕೊಂಡು ಬಾಗಿಲಲ್ಲೇ ನಿಂತಿದ್ದಳು.

"ಸುಮ್ನ ಅಡ್ಡಾಡಿ ಬಂದೆ."

ಹತ್ತು ಗಂಟೆಗೆ ಅರಿವಳಿಕೆಯ ಡಾಕ್ಟರು ಬಂದರು. "ಏನರ ತಿಂದೀರೇನ್ರಿ? ಕುಡದೀರೇನ್ರಿ?"

ನಾನು ಬಾಯಿ ತೆರೆಯುವ ಮುಂಚೆ ಹೆಂಡತಿ ಹೇಳಿದಳು: "ನಾ ಹೇಳ್ತೇನ್ರಿ ಮೇಡಮ್ಮಾರ. ನಿನ್ನೆ ಎಂಟಕ್ಕ ಒಂದು ರೊಟ್ಟಿ ಉಂಡಾರ. ಆಮ್ಯಾಲೆ ನಿಮ್ಮ ಗುಳಿಗಿ, ಎರಡು ಗುಟುಕು ನೀರು. ಅಷ್ಟ."

ಡಾಕ್ಟರು ನನ್ನ ಕಡೆಗೇ ನೋಡಿದರು. "ಹೌದೇನ್ರಿ?"

"ಹೌದ್ರಿ" ಎಂದೆ.

ಆಮೇಲೆ ಸಣ್ಣ ಕಪ್ಪಿನಲ್ಲಿ ಒಂದು ಔಷಧ ಕುಡಿಸಿದರು. ಉಳಿದ ಹುಳಿಯನ್ನೂ ಸಾಯಿಸುತ್ತದೆ ಎಂದರು. ಉಪ್ಪುಪ್ಪಾಗಿ, ಸಾಬೂನು ನೀರಿನಂತೆ ನಾಲಿಗೆಗೆ ಅಂಟಿಕೊಳ್ಳುವ ಔಷಧ. ಅದು ಹೊಟ್ಟೆಗೆ ಇಳಿದದ್ದೇ ಒಳಗಿನ ಎಣ್ಣೆ, ಹಿಟ್ಟು, ಮೆಣಸಿನಕಾಯಿ ಎಲ್ಲ ಒಮ್ಮೆ ಹೊರಳಿದಂತಾಯಿತು. ಆಪರೇಶನ್ ಖೋಲಿಯ ಮೇಜಿನ ಮೇಲೆ ಮಲಗಿಸಿ, ಮುಖಕ್ಕೆ ಮುಖವಾಡ ಇಟ್ಟು ಉಸಿರು ಎಳೆಯಲು ಹೇಳಿದರು. ಒಳಗಿನದು ಮೇಲೆ ಬರದಿರಲೆಂದು ಯಾರೋ ಎರಡು ಬೆರಳಿನಿಂದ ನನ್ನ ಗಂಟಲಿನ ಕೆಳಗೆ ಒತ್ತಿ ಹಿಡಿದರು. ಒಂದು ತೇಗು ಬಂತು. ಉಳ್ಳಾಗಡ್ಡಿ ಮತ್ತು ಕರಿದ ಎಣ್ಣೆಯ ವಾಸನೆ ಮುಖವಾಡದ ತುಂಬ. ಮುಖವಾಡ ತಳ್ಳಿ ಹೇಳಲು ಆಗಲೂ ಹೊತ್ತಿತ್ತು. ನಾನು ಆ ತೇಗನ್ನೂ ನುಂಗಿದೆ.

ಮುಂದಿನದು ನನಗೆ ಗೊತ್ತಿಲ್ಲ, ಆಮೇಲೆ ಕೇಳಿದ್ದು. ನಿದ್ದೆಯ ಔಷಧ ಏರಿದ ಕೂಡಲೇ ಹೊಟ್ಟೆಯಲ್ಲಿದ್ದದ್ದು ಉಕ್ಕಿ ಬಂತಂತೆ. ಮೇಜಿನ ತಲೆ ಕಡೆಯನ್ನು ತಗ್ಗಿಸಿ, ಪಕ್ಕಕ್ಕೆ ಹೊರಳಿಸಿ, ಬಾಯಿಯಿಂದ ಚುರುಮುರಿ, ಹಿಟ್ಟಿನ ಮುದ್ದೆ, ಮೆಣಸಿನಕಾಯಿಯ ತುಂಡು ಎಳೆದು ತೆಗೆದರಂತೆ. ಅಷ್ಟರಲ್ಲಿ ಒಂದಿಷ್ಟು ಉಸಿರಿನ ದಾರಿಗೆ ಇಳಿದುಹೋಗಿತ್ತು. ಆಪರೇಶನ್ ಕೈಬಿಟ್ಟರು. ಕ್ಯಾಮೆರಾ ಇದ್ದ ನಳಿಕೆ ಇಳಿಸಿ ಪುಪ್ಪುಸದಿಂದ ತುಂಡುಗಳನ್ನು ಹೆಕ್ಕಿ, ಐಸಿಯುಗೆ ಹಾಕಿ ಯಂತ್ರದಿಂದ ಉಸಿರಾಡಿಸಿದರು.

ನಡುನಡುವೆ ಎಚ್ಚರವಾಗುತ್ತಿತ್ತು. ಬಾಯಲ್ಲಿ ಹೆಬ್ಬೆರಳು ದಪ್ಪದ ನಳಿಕೆ, ಎರಡೂ ಕೈ ಮಂಚಕ್ಕೆ ಕಟ್ಟಿದ್ದವು. ನರ್ಸಮ್ಮ ಆಗಾಗ ಬಂದು ಆ ನಳಿಕೆಯೊಳಗೆ ಇನ್ನೊಂದು ತೆಳು ನಳಿಕೆ ಇಳಿಸಿ ಕಫ ಎಳೆಯುತ್ತಿದ್ದರು. ಗೊರಗೊರ ಎಂದು, ತಟ್ಟೆಯ ತಳದ ಸಾರು ಹೀರಿದಂಥ ಸದ್ದು. ಜೀವವೇ ಆ ದಾರಿಯಲ್ಲಿ ಹೊರಗೆ ಬರುತ್ತಿದೆ ಅನ್ನಿಸುತ್ತಿತ್ತು. ಬಂದದ್ದು ಕಣ್ಣೆದುರಿನ ಬಾಟಲಿಯಲ್ಲಿ ಬೀಳುತ್ತಿತ್ತು: ಹಳದಿ, ಕಂದು, ಅದರ ಮೇಲೆ ಎಣ್ಣೆಯ ಪದರ. ಕಣ್ಣು ಅತ್ತ ಹೋಗಬಾರದೆಂದರೂ ಹೋಗುತ್ತಿತ್ತು. ನನ್ನೊಳಗೆ ಇದ್ದದ್ದು ಇದು, ಇದನ್ನೇ ಹೊತ್ತುಕೊಂಡು ದಿನಾ ಜನರ ಮುಂದೆ ರೇಷ್ಮೆ ಹರವುತ್ತಿದ್ದೆ ಎಂದು ಮೈ ಜುಮ್ಮೆಂದಿತು.

ಎರಡನೆಯ ದಿನ ಅವ್ವನನ್ನೂ ಅಕ್ಕನನ್ನೂ ಒಳಗೆ ಬಿಟ್ಟರು. ಹೆಂಡತಿ ಹಿಂದೆ ನಿಂತಿದ್ದಳು. ಹೊಟ್ಟೆಯಲ್ಲಿ ತಿಂಡಿ ಇತ್ತು ಎಂಬ ಖಬರ ಅಷ್ಟರಲ್ಲಿ ಎಲ್ಲರಿಗೂ ಗೊತ್ತಾಗಿತ್ತು. ಏನೂ ತಿಂದಿಲ್ಲ ಎಂದು ಡಾಕ್ಟರಿಗೆ ಹೇಳಿದವಳು ಇವಳೇ ಎಂಬುದೂ ಗೊತ್ತಾಗಿತ್ತು.

"ತಿನಸಿದಾಕಿ ನೀನ, ತಿಂದಿಲ್ಲ ಅಂದಾಕಿನೂ ನೀನ!" ಎಂದಳು ಅಕ್ಕ. "ಖರೆ ಹೇಳು, ಏನ್ ಕೊಟ್ಟಿ ನನ್ನ ತಮ್ಮಗ?"

"ನಾ ಏನೂ ಕೊಟ್ಟಿಲ್ರಿ ಅಕ್ಕಾರ."

"ಹಂಗಾರ ಹೊಟ್ಟ್ಯಾಗ ತಾನಾ ಹುಟ್ಟಿತೇನು?" ಅವ್ವ ಅಳುತ್ತ ನನ್ನ ಕಾಲು ಹಿಡಿದುಕೊಂಡಳು. "ಹಸದಾನ ಅಂತ ಕನಿಕರ ಬಂದು ಕೊಟ್ಟಿರತಾಳ. ಯವ್ವಾ, ನಿನ್ನ ಕನಿಕರಕ್ಕ ನನ್ನ ಮಗ ಹ್ವಾದಲ್ಲ!"

ಅಕ್ಕ ನನ್ನ ಮುಖದ ಮೇಲೆ ಬಗ್ಗಿದಳು. "ತಮ್ಮಾ, ಇಕಿನ ಕೊಟ್ಲೇನೋ? ಹೌದಂದ್ರ ಕಣ್ಣು ಮುಚ್ಚು."

ತಲೆ ಅಲ್ಲಾಡಿಸಲು ಬರುತ್ತಿತ್ತು. ಅಲ್ಲ ಎಂದು ಒಮ್ಮೆ ಅಲ್ಲಾಡಿಸಿದ್ದರೆ ಸಾಕಿತ್ತು. ಅಕ್ಕನ ಭುಜದ ಮೇಲಿಂದ ಹೆಂಡತಿಯ ಮುಖ ಕಾಣುತ್ತಿತ್ತು. ಅವಳು ನನ್ನನ್ನೇ ನೋಡುತ್ತಿದ್ದಳು. ಆ ನೋಟ ತಡೆಯಲಾರದೆ ಕಣ್ಣು ಮುಚ್ಚಿದೆ. ನೋಟ ತಡೆಯಲಾರದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಖರೆ ಏನೆಂದರೆ, ಮುಚ್ಚಿದರೆ ಅಕ್ಕ ಅದನ್ನು ಹೇಗೆ ತಿಳಿಯುತ್ತಾಳೆ ಎಂದು ನನಗೆ ಗೊತ್ತಿತ್ತು.

"ನೋಡಿದೇನ ಯವ್ವಾ!" ಎಂದಳು ಅಕ್ಕ.

ಮೂರನೆಯ ದಿನ ನಳಿಕೆ ತೆಗೆದರು. ಅರಿವಳಿಕೆಯ ಡಾಕ್ಟರು ಮಂಚದ ಪಕ್ಕ ಬಂದು ನಿಂತರು. ಅವರ ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು.

"ಹುಳಿ ಇಳದಿತ್ತು ಅಂತ ಇಷ್ಟರಾಗ ಉಳದೀರಿ. ಗುಳಿಗಿ ತಗೊಳ್ಳದ ಹೊಟ್ಟ್ಯಾಗಿಂದು ಒಳಗ ಹೋಗಿದ್ರ ಎರಡೂ ಪುಪ್ಪುಸ ಸುಟ್ಟುಹೋಗ್ತಿದ್ವು. ಆದ್ರ ಗುಳಿಗಿ ಹುಳಿ ಇಳಸತೈತ್ರಿ, ಮಿರ್ಚಿ ಕರಗಸೂದಿಲ್ಲ. ಮನ್ಯಾಗ ಹೇಳ್ರಿ, ಪ್ರೀತಿಗೂ ತಿನಸಬಾರದು ಅಂತ."

"ಹೂಂ" ಎಂದೆ. ಗಂಟಲು ನೋಯುತ್ತಿತ್ತು. ನೋಯುವ ಗಂಟಲು ಒಳ್ಳೆಯ ನೆಪ.

ನ್ಯುಮೋನಿಯಾ ಹತ್ತಿರ ಹತ್ತಿರ ಎರಡು ವಾರ ತೆಗೆದುಕೊಂಡಿತು. ಮನೆಗೆ ಬಂದ ಮೇಲೂ ಕೆಮ್ಮಿ ಕೆಮ್ಮಿ ಕಫ ಉಗುಳುತ್ತಿದ್ದೆ. ಮಂಚದ ಕೆಳಗೆ ಒಂದು ಪ್ಲಾಸ್ಟಿಕ್ ಬುಟ್ಟಿ. ಅದರಲ್ಲಿ ಹೆಂಡತಿ ಬೂದಿ ಹಾಕಿಡುವಳು. ಉಗುಳಿದ್ದು ಬೂದಿಯಲ್ಲಿ ಉಂಡೆ ಉಂಡೆಯಾಗಿ ಹೊರಳುವುದು. ದಿನಕ್ಕೆ ನಾಲ್ಕು ಸಲ ಅವಳು ಅದನ್ನು ಎತ್ತಿಕೊಂಡು ಹಿತ್ತಲಿಗೆ ಹೋಗಿ ಚೆಲ್ಲಿ, ತಿಕ್ಕಿ ತೊಳೆದು ತರುತ್ತಿದ್ದಳು. ಅವಳು ಬುಟ್ಟಿ ಎತ್ತುವಾಗ ಗೋಡೆಯ ಕಡೆ ಹೊರಳಿ ಮಲಗುತ್ತಿದ್ದೆ.

ನೋಡಲು ಬಂದವರ ಮುಂದೆಲ್ಲ ಅವ್ವ ಅದೇ ಕಥೆ ಹೇಳಿದಳು. ಓಣಿಯವರ ಮುಂದೆ, ಮುಂಡರಗಿಯಿಂದ ಬಂದ ಅಕ್ಕನ ಮನೆಯ ಬೀಗರ ಮುಂದೆ. ಪ್ರತಿ ಸಲವೂ ಕಥೆ ಸ್ವಲ್ಪ ಬೆಳೆಯುತ್ತಿತ್ತು. ಮೊದಲು ಹೆಂಡತಿ ಬರೀ ತಿಂಡಿ ಕೊಟ್ಟಿದ್ದಳು. ಆಮೇಲೆ ಹೊರಗೆ ಹೋಗಿ ಕೊಂಡು ತಂದಳು. ಕಡೆಗೆ ಬೇಡ ಬೇಡವೆಂದರೂ ಬಾಯಿಗೆ ತುರುಕಿದಳು. ಬಂದವರು "ಅಯ್ಯ ಶಿವನ!" ಎಂದು ಅಡುಗೆ ಮನೆಯ ಕಡೆ ಕತ್ತು ಚಾಚಿ ನೋಡುವರು. ಅಲ್ಲಿ ಅವಳು ಅವರಿಗೇ ಚಹಾ ಸೋಸುತ್ತಿರುತ್ತಿದ್ದಳು. ಕಪ್ಪು ತಂದು ಇಟ್ಟು ಹೋಗುತ್ತಿದ್ದಳು. ಆ ಚಹಾವನ್ನು ಮುಂಡರಗಿಯ ಬೀಗತಿ ಮುಟ್ಟಲಿಲ್ಲ.

ನಾನು ಹಾಸಿಗೆಯಲ್ಲಿ ಎಲ್ಲ ಕೇಳುತ್ತಿದ್ದೆ. ಇಂದು ಹೇಳುತ್ತೇನೆ, ನಾಳೆ ಹೇಳುತ್ತೇನೆ. ದಿನ ಹೋದಷ್ಟೂ ಹೇಳುವುದು ಕಷ್ಟವಾಯಿತು. ಮೊದಲ ದಿನ ಹೇಳಿದ್ದರೆ ತಿಂದದ್ದೊಂದೇ ತಪ್ಪು. ಈಗ ಅದರ ಮೇಲೆ ಇಪ್ಪತ್ತು ದಿನದ ತಪ್ಪು ಕೂತಿತ್ತು.

ಹೆಂಡತಿ ನನ್ನೊಡನೆ ಮಾತಾಡುತ್ತಿದ್ದಳು. "ಗಂಜಿ ಆರತೈತಿ ಉಣ್ರಿ", "ಗುಳಿಗಿ ತಗೋರಿ". ಅಷ್ಟೇ. ಮೊದಲೂ ಅವಳದು ಕಡಿಮೆ ಮಾತು, ಆದ್ದರಿಂದ ಬೇರೆಯವರಿಗೆ ವ್ಯತ್ಯಾಸ ತಿಳಿಯಲಿಲ್ಲ.

ಹರಳು ಮಾತ್ರ ಒಳಗೇ ಇದ್ದವು. ಎರಡೂವರೆ ತಿಂಗಳ ಮೇಲೆ, ಪುಪ್ಪುಸ ಸರಿಯಾಗಿದೆ ಎಂದು ನೋಡಿ, ಮತ್ತೆ ಆಪರೇಶನ್ನಿಗೆ ದಿನ ಕೊಟ್ಟರು. ಅದೇ ಡಾಕ್ಟರು, ಅದೇ ಖೋಲಿ. ಈ ಸಲ ಅಕ್ಕನೂ ಮುಂಡರಗಿಯಿಂದ ಬಂದು ಜೊತೆಗೆ ಕೂತಿದ್ದಳು. ಡಾಕ್ಟರು ಕಾಗದ ತಿರುವಿ ನೋಡಿ, ನನ್ನನ್ನು ಬಿಟ್ಟು ಹೆಂಡತಿಯ ಕಡೆ ತಿರುಗಿದರು.

"ಈ ಸಲ ಏನೂ ಕೊಡಬ್ಯಾಡ್ರಿ ಮತ್ತ. ನಾ ನಿಮ್ಮ ಮಾತು ನಂಬಿದ್ದೆ ಹ್ವಾದ ಸಲ."

"ನಾವೂ ನಂಬಿದ್ವಿರಿ" ಎಂದಳು ಅಕ್ಕ. "ಈ ಸಲ ಇಕಿನ್ನ ಹತ್ರ ಬಿಡೂದಿಲ್ರಿ. ನಾನ ಇರತೇನಿ."

ಹೆಂಡತಿ ಮೇಜಿನ ಅಂಚನ್ನು ನೋಡುತ್ತ ಕೂತಿದ್ದಳು. ಅವಳ ಬೆರಳ ಉಗುರಿನ ಸುತ್ತ ಚರ್ಮ ಬಿರಿದು ಬೆಳ್ಳಗಾಗಿತ್ತು. ಎರಡೂವರೆ ತಿಂಗಳು ಬ್ಲೀಚಿಂಗ್ ಪುಡಿಯಲ್ಲಿ ನನ್ನ ಬುಟ್ಟಿ, ನನ್ನ ಚಾದರ ತೊಳೆದ ಕೈ. ಅವಳು ಆಗ ಬಾಯಿಬಿಟ್ಟು ತನ್ನ ಪರವಾಗಿ ಏನಾದರೂ ಹೇಳಿದ್ದರೆ ನಾನು ಮತ್ತೆ ಸುಮ್ಮನಿರುತ್ತಿದ್ದೆನೋ ಏನೋ. ಅವಳು ಹೇಳಲಿಲ್ಲ.

"ಆಕಿ ಅಲ್ರಿ ಮೇಡಮ್ಮಾರ" ಎಂದೆ. "ನಾನ ತಿಂದೆ. ಆಕಿ ಜಳಕಕ್ಕ ಹೋದಾಗ ಎದುರಿನ ಗಾಡ್ಯಾಗ ತಿಂದು ಬಂದೆ. ಆಕಿಗೆ ಗೊತ್ತಿಲ್ಲ."

ಡಾಕ್ಟರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು. ಪೆನ್ನು ತೆಗೆದುಕೊಂಡು, "ಎಷ್ಟು ಗಂಟೆಗೆ? ಏನೇನು? ಹಾಲಿನ ಚಹಾನೂ?" ಎಂದು ಒಂದೊಂದಾಗಿ ಕೇಳಿ ಬರೆದುಕೊಂಡರು. ಆಮೇಲೆ ಹೆಂಡತಿಗೆ, "ತಪ್ಪು ತಿಳಕೋಬ್ಯಾಡ್ರಿ ತಂಗಿ" ಎಂದರು. ನನ್ನ ಕಡೆ ನೋಡಿದಾಗ ಅವರ ಮುಖ ಸ್ವಲ್ಪ ಹಿಂದೆ ಸರಿಯಿತು. ನನ್ನ ಬಾಯಿಯ ವಾಸನೆಗೂ ಸರಿಯದಿದ್ದ ಮುಖ ಅದು.

ಅಕ್ಕ ಹೊರಗೆ ಬಂದ ಮೇಲೆ, "ಹಂಗಾರ ಅವತ್ತ ಕಣ್ಣ್ಯಾಕ ಮುಚ್ಚಿದಿ?" ಎಂದಳು. ಹೆಂಡತಿಯ ಕಡೆ ತಿರುಗದೆ ಸೆರಗು ಸರಿಮಾಡಿಕೊಂಡು, ಬಸ್ಸಿಗೆ ಹೊತ್ತಾಯಿತೆಂದು ಹೋದಳು.

ಆಸ್ಪತ್ರೆಯ ಬೆಂಚಿನ ಮೇಲೆ ನಾವಿಬ್ಬರೇ ಉಳಿದೆವು. ಎದುರಿನ ಗೋಡೆಗೆ ಯಾರೋ ಎಲೆಅಡಿಕೆ ಉಗುಳಿದ್ದ ಕಲೆ ಇತ್ತು.

"ನಿನಗ ಗೊತ್ತಿರಲಿಲ್ಲ ಅಂತ ಹೇಳೇನಿ" ಎಂದೆ.

"ಗೊತ್ತಿತ್ತು" ಎಂದಳು. "ನೀವು ಒಳಗ ಹ್ವಾದ ಮ್ಯಾಲೆ ಪೈಜಾಮ ನನ್ನ ಕೈಯಾಗ ಕೊಟ್ರು. ಕಿಸೇದಾಗ ಎಣ್ಣಿ ಕಾಗದ ಇತ್ತು. ಖಬರ ಕೊಡಬೇಕಂತ ಓಡಿ ಹೋದೆ. ಅಷ್ಟರಾಗ ಒಳಗ ಗದ್ದಲ ಚಾಲೂ ಆಗಿತ್ತು."

"ಮತ್ತ ಅಕ್ಕಗ ಯಾಕ ಹೇಳಲಿಲ್ಲ?"

ಅವಳು ಬಿರಿದ ಬೆರಳುಗಳನ್ನು ಸೆರಗಿಗೆ ಒರೆಸಿಕೊಂಡಳು. "ನೀವು ಹೇಳತೀರಂತ ಮಾಡಿದ್ದೆ. ನಿಮ್ಮ ಕಫ ಬಳದೆ, ವಾಂತಿ ಬಳದೆ. ಹೇಸಿಕಿ ಅನಸಲಿಲ್ಲ, ಜಡ್ಡು ಅಂದ್ರ ಹಂಗ ಇರತೈತಿ. ನೀವು ಕಣ್ಣು ಮುಚ್ಚಿದ್ರಿ ನೋಡ್ರಿ, ಆವಾಗ ಹೇಸಿಕಿ ಬಂತು. ಇನ್ನೂ ಹೋಗಿಲ್ಲ."

ಎರಡನೆಯ ಸಲ ಆಪರೇಶನ್ ಸಲೀಸಾಗಿ ಆಯಿತು. ಗುಳಿಗೆ, ಔಷಧ, ಖಾಲಿ ಹೊಟ್ಟೆ. ಎದ್ದಾಗ ಬಾಯಲ್ಲಿ ನಳಿಕೆ ಇರಲಿಲ್ಲ. ಮನೆಗೆ ಬಂದ ದಿನ ಅವ್ವನ ಮುಂದೆ ಎಲ್ಲ ಹೇಳಿದೆ. ಅವ್ವ ಗೋಡೆಗೆ ಒರಗಿ ಕೂತು ಕೇಳಿ, "ಆತು ಬಿಡು, ಆಗಿದ್ದು ಆತು" ಎಂದಳು. ಅಷ್ಟು ಜನರ ಮುಂದೆ ಬೆಳೆಸಿದ ಕಥೆಯನ್ನು ಹಿಂದಕ್ಕೆ ತೆಗೆದುಕೊಳ್ಳಲು ಅವಳು ಯಾರ ಮನೆಗೂ ಹೋಗಲಿಲ್ಲ. ನಾನೂ ಹೋಗಲಿಲ್ಲ. ಓಣಿಯಲ್ಲಿ ಇವತ್ತಿಗೂ ಕೆಲವರು ಅದನ್ನೇ ನಂಬಿದ್ದಾರೆ.

ಹೊಲಿಗೆ ಬಿಚ್ಚಿದ ಮರುದಿನ ಹೆಂಡತಿ ಬಟ್ಟೆಯ ಚೀಲ ಹಿಡಿದು ಅಡರಕಟ್ಟಿಗೆ ಹೋದಳು. ಹತ್ತಿ ಬಿಡಿಸುವ ಕೆಲಸ ಇದೆ ಎಂದಳು.

ಹದಿನೈದು ದಿನದ ಮೇಲೆ ನಾನೇ ಹೊರಟೆ. ಬಸ್ಸು ಶಿರಹಟ್ಟಿ ದಾಟಿದ ಮೇಲೆ ಮುಂದಿನ ಸೀಟಿನ ಮನುಷ್ಯ ಕಿಟಕಿಯಿಂದ ವಾಂತಿ ಮಾಡಿಕೊಂಡ. ಗಾಳಿಗೆ ಅದರ ಹನಿ ನನ್ನ ಕೆನ್ನೆಗೆ, ಅಂಗಿಯ ತೋಳಿಗೆ ಬಿತ್ತು. ಅಷ್ಟೆಲ್ಲ ಅನುಭವಿಸಿದವನಿಗೆ ಅವನ ಮೇಲೆ ಮರುಕ ಹುಟ್ಟಬೇಕಿತ್ತು. ಹುಟ್ಟಲಿಲ್ಲ. ಮೈಯೆಲ್ಲ ಹೇಸಿ, ಅವನನ್ನು ಬೈದು, ಲಕ್ಷ್ಮೇಶ್ವರದ ನಿಲ್ದಾಣದಲ್ಲಿ ನಲ್ಲಿಯ ಕೆಳಗೆ ತೋಳು ತಿಕ್ಕಿ ತಿಕ್ಕಿ ತೊಳೆದೆ.

ಅವಳು ಹೊಲದಲ್ಲಿದ್ದಳು. ತಲೆಗೆ ವಸ್ತ್ರ ಕಟ್ಟಿಕೊಂಡು, ಸೊಂಟಕ್ಕೆ ಮಡಿಲು ಕಟ್ಟಿ ಹತ್ತಿ ಬಿಡಿಸುತ್ತಿದ್ದಳು. ನನ್ನನ್ನು ಕಂಡು ಕೈ ನಿಲ್ಲಿಸಲಿಲ್ಲ.

"ಊಟ ಆಗೇತೇನ್ರಿ?"

"ಇಲ್ಲ."

"ಬದುವಿನ ಮ್ಯಾಲೆ ಬುತ್ತಿ ಐತಿ. ಉಣ್ರಿ."

ಜೋಳದ ರೊಟ್ಟಿ, ಪುಂಡಿಪಲ್ಯ ಇತ್ತು. ಒಂದು ರೊಟ್ಟಿ ತಿಂದು ಉಳಿದದ್ದನ್ನು ಕಟ್ಟಿಟ್ಟೆ. ಸಾಲಿನ ಈ ತುದಿಯಿಂದ ನಾನೂ ಹತ್ತಿ ಬಿಡಿಸತೊಡಗಿದೆ. ಹೊಲಿಗೆ ಹಾಕಿದ್ದ ಜಾಗ ಜಗ್ಗುತ್ತಿತ್ತು, ಕಾಯಿಯ ಮೊನೆ ಬೆರಳಿಗೆ ಚುಚ್ಚುತ್ತಿತ್ತು. ಅವಳು ಬೇಡ ಎನ್ನಲಿಲ್ಲ, ಮಾಡು ಎನ್ನಲೂ ಇಲ್ಲ. ಸಂಜೆ ನಾಲ್ಕರ ಬಸ್ಸಿಗೆ ನಾನೊಬ್ಬನೇ ತಿರುಗಿ ಬಂದೆ.

ಮತ್ತೆ ಎಂಟು ದಿನಕ್ಕೆ ಅವಳು ತಾನೇ ಬಂದಳು. ಒಳಗೆ ಬಂದು ಚೀಲ ಇಟ್ಟು, ಕೊಡದಲ್ಲಿ ಹಳೆಯ ನೀರು ಇದ್ದದ್ದನ್ನು ನೋಡಿ, ಅದನ್ನು ಚೆಲ್ಲಿ ತಿಕ್ಕತೊಡಗಿದಳು. ಈಗ ಮನೆಯಲ್ಲಿ ಮಾತುಕತೆ ನಡೆಯುತ್ತದೆ, ಒಮ್ಮೊಮ್ಮೆ ನಗುತ್ತಾಳೆ ಕೂಡ. ಆ ಹೇಸಿಗೆ ಹೋಯಿತೇ ಎಂದು ನಾನು ಕೇಳಿಲ್ಲ.